ನಿದ್ರೆಯ ಸಾಲ

ಪರೀಕ್ಷೆಯ ಕಾಲವು ಸಮೀಪಿಸುತ್ತಲೇ ನಮ್ಮ ವಿದ್ಯಾರ್ಥಿನಿಲಯದಲ್ಲಿ ದೀಪವಾರಿಸುವ ವೇಳೆಯು ದಿನದಿನಕ್ಕೆ ಮುಂದೆ ಹೋಗುವುದನ್ನು ನಾವು ಬಹು ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಹುಡುಗಿಯರ ಪೆಟ್ಟಿಗೆಗಳಲ್ಲಿ ಕಾಫಿಪುಡಿಯ ಡಬ್ಬಿಗಳು ಕಾಣಿಸಿಕೊಳ್ಳುವುವು. ಈಚೆಗೆ ಕೆಫೀನ್ ಬೆರೆಸಿದ ಸಿಹಿ ಪಾನೀಯದ ಡಬ್ಬಿಗಳೂ ಅವುಗಳ ಪಕ್ಕದಲ್ಲಿ ಬಂದು ನಿಂತಿವೆ. ಒಂದು ವರ್ಷ ಇವೆರಡಕ್ಕಿಂತಲೂ ಉಗ್ರವಾದ ವಸ್ತುವೊಂದು ನಮ್ಮ ಕೈಗೆ ಸಿಕ್ಕಿತು. ಆ ಸಂಗತಿಯನ್ನು ಮುಂದೆ ಹೇಳುವೆವು. ಎಚ್ಚರವನ್ನು ಔಷಧದಿಂದ ಕೊಂಡುಕೊಂಡರೆ ಅದರ ಬೆಲೆಯನ್ನು ಯಾವಾಗ, ಹೇಗೆ ತೆರಬೇಕಾಗುವುದೆಂಬುದನ್ನು ಮೊದಲು ವಿಚಾರಿಸೋಣ.

ನಾವು ಎಚ್ಚತ್ತಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ದ್ರವ್ಯವು ಸ್ವಲ್ಪ ಸ್ವಲ್ಪವಾಗಿ ಕೂಡುತ್ತ ಹೋಗುತ್ತದೆ. ಅದು ನರಕೋಶಗಳ ಮೇಲೆ ತನಗಾಗಿ ಇರುವ ನೆಲೆಗಳಲ್ಲಿ ಕುಳಿತಂತೆಲ್ಲಾ ನಮಗೆ ತೂಕಡಿಕೆ ಬರುತ್ತದೆ. ನಿದ್ರಿಸಿದರೆ ಅದು ಇಳಿದುಹೋಗುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞನಾದ ರುಂಗೆಯು 1819ರಲ್ಲಿ ಕಾಫಿಬೀಜದಿಂದ ಬೇರ್ಪಡಿಸಿದ ಕೆಫೀನೆಂಬ ವಸ್ತುವು ರೂಪದಲ್ಲಿ ಇದನ್ನು ಹೋಲುವುದರಿಂದ, ಆ ನೆಲೆಗಳಲ್ಲಿ ತಾನೇ ಹೋಗಿ ಕುಳಿತುಬಿಡುತ್ತದೆ. ಆಯಾಸವು ಇದರಿಂದ ಪರಿಹಾರವಾಗಲಿಲ್ಲ. ಆಯಾಸದ ಸುದ್ದಿಯು ಮಾತ್ರ ನಮಗೆ ಮುಟ್ಟಲಿಲ್ಲ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ಒಳಗಿನಿಂದ ಅಗುಳಿ ಹಾಕಿಕೊಂಡು ಕುಳಿತವನ ಸ್ಥಿತಿಯೇ ಇದು.

ಸಾಮಾನ್ಯವಾಗಿ ಕುಡಿದ ಕೆಫೀನಿನ ಅರ್ಧವು ಶರೀರದಿಂದ ಹೋಗುವುದಕ್ಕೆ ಸುಮಾರು 5 ತಾಸು ಬೇಕು. ರಾತ್ರಿ 8 ಗಂಟೆಗೆ ಕುಡಿದದ್ದರಲ್ಲಿ ಅರ್ಧಪಾಲು 1 ಗಂಟೆಗೂ ನೆತ್ತರಿನಲ್ಲಿರುವುದು. 400 ಮಿಲಿಗ್ರಾಂ ಕೆಫೀನನ್ನು ಮಲಗುವುದಕ್ಕೆ 6 ತಾಸು ಮುಂಚೆ ಸೇವಿಸಿದವರಿಗೂ ಒಂದು ತಾಸಿಗೆ ಮೇಲ್ಪಟ್ಟು ನಿದ್ರೆ ಕಡಿಮೆಯಾಯಿತೆಂದು 2013ರಲ್ಲಿ ಪ್ರಕಟವಾದ ಅಮೆರಿಕದ ಪರಿಶೋಧನೆಯೊಂದು ತೋರಿಸಿದೆ. ಇನ್ನು ನಿತ್ಯವೂ ಕುಡಿಯುವವರು ತಟ್ಟನೆ ಬಿಟ್ಟರೆ 12ರಿಂದ 24 ತಾಸುಗಳೊಳಗೆ ತಲೆನೋವೂ ಬಳಲಿಕೆಯೂ ಆರಂಭವಾಗಿ ಕೆಲವು ದಿನಗಳಿರುತ್ತವೆ. ಆದಕಾರಣ ಕ್ರಮೇಣ ಕಡಿಮೆ ಮಾಡುವುದೇ ಲೇಸು. ಬಾಬಾಬುಡನ್‌ಗಿರಿಯ ನಾಡಿನಲ್ಲಿದ್ದು ಕಾಫಿಯನ್ನು ನಿಂದಿಸುವಷ್ಟು ಧೈರ್ಯವು ನಮಗಿಲ್ಲ. ಬೆಳಗಿನ ಲೋಟವನ್ನು ನಾವೂ ಬಿಟ್ಟವರಲ್ಲ.

ಕಾಫಿಯು ಈ ಕುಲದಲ್ಲಿ ಸೌಮ್ಯವಾದದ್ದು. 1887ರಲ್ಲಿ ಬರ್ಲಿನಿನಲ್ಲಿ ಮೊದಲು ತಯಾರಾದ ಆಂಫೆಟಮೀನೂ ಅದರ ಬಂಧುಗಳೂ ಬೇರೆ ದಾರಿಯನ್ನು ಹಿಡಿಯುತ್ತವೆ. ಇವು ಮಿದುಳಿನಲ್ಲಿ ಉತ್ಸಾಹವನ್ನುಂಟುಮಾಡುವ ಡೋಪಮೀನ್, ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳನ್ನು ಒಮ್ಮೆಗೇ ಹೊರಚೆಲ್ಲಿಸುತ್ತವೆ. ಹಸಿವು ಅಡಗುವುದು, ನಿದ್ರೆ ಹಾರಿಹೋಗುವುದು, ತಾನು ಮಾಡಿದ್ದೆಲ್ಲವೂ ಚೆನ್ನಾಗಿದೆಯೆಂಬ ಭ್ರಮೆ ಹುಟ್ಟುವುದು. ಜರ್ಮನಿಯಲ್ಲಿ 1938ರಿಂದ ಪರ್ವಿಟಿನ್ ಎಂಬ ಹೆಸರಿನಲ್ಲಿ ಈ ಜಾತಿಯ ಗುಳಿಗೆಗಳು ಮಾರಾಟಕ್ಕೆ ಬಂದುವು; 1940ರ ಏಪ್ರಿಲಿನಿಂದ ಜುಲೈವರೆಗೆ ಸೈನ್ಯಕ್ಕೂ ವಾಯುಪಡೆಗೂ ಮೂರೂವರೆ ಕೋಟಿಗೆ ಹೆಚ್ಚು ಗುಳಿಗೆಗಳನ್ನು ಕಳುಹಿಸಿದರು. ರಾತ್ರಿಹಗಲು ನಡೆದ ದಳಗಳು ಬಳಿಕ ದಿನಗಟ್ಟಲೆ ಕೆಲಸಕ್ಕೆ ಬಾರದಂತಾದುದನ್ನು ವೈದ್ಯರು ಕಂಡರು. 1941ರಲ್ಲಿ ಅದೇ ಸರ್ಕಾರವು ಆ ಗುಳಿಗೆಯನ್ನು ಅಫೀಮಿನ ಕಾನೂನಿಗೆ ಒಳಪಡಿಸಿತು. ಯುದ್ಧಕ್ಕಾಗಿ ಯಾವುದನ್ನೂ ಬಳಸಲು ಹಿಂಜರಿಯದವರಿಗೇ ಅಳುಕು ಹುಟ್ಟಿಸಿದ ಪದಾರ್ಥವು ಹೆಣ್ಣುಮಕ್ಕಳ ಪಾಠದ ಮೇಜಿನ ಮೇಲೆ ಇರತಕ್ಕದ್ದಲ್ಲ.

ಈಗ ನಮ್ಮ ಸಂಗತಿ. ಕೊನೆಯ ತರಗತಿಯ ಜಾಣೆಯೊಬ್ಬಳು ಕಾಲೇಜಿನಲ್ಲಿ ಓದುತ್ತಿದ್ದ ನೆಂಟನೊಬ್ಬನಿಂದ, ಬೇರೊಬ್ಬರಿಗೆ ವೈದ್ಯರು ಬರೆದುಕೊಟ್ಟಿದ್ದ ಈ ವರ್ಗದ ಗುಳಿಗೆಗಳನ್ನು ಪಡೆದು, ಪರೀಕ್ಷೆಯ ವಾರದಲ್ಲಿ ದಿನಕ್ಕೆರಡು ತಾಸು ಮಾತ್ರ ಮಲಗಿದಳು. ಮೊದಲೆರಡು ಪತ್ರಿಕೆಗಳು ಸರಾಗವಾಗಿ ನಡೆದುವು. ಗಣಿತದ ದಿನ ಒಂದೇ ಪ್ರಶ್ನೆಯನ್ನು ಅರ್ಧ ತಾಸು ಓದುತ್ತ ಕುಳಿತಳಂತೆ. ಪರೀಕ್ಷೆ ಮುಗಿದ ಮೇಲೆ ಹದಿನಾಲ್ಕು ತಾಸು ಮಲಗಿ, ಎದ್ದು, ಕಾರಣವಿಲ್ಲದೆ ಅತ್ತು, ಸಿಕ್ಕಿದ್ದನ್ನೆಲ್ಲಾ ತಿಂದು ಪುನಃ ಮಲಗಿದಳು. ಬೆಳಗಿನ ಪ್ರಾರ್ಥನೆಗೂ ಬರಲಿಲ್ಲ. ನಾವು ಅದನ್ನು ಸೋಮಾರಿತನವೆಂದೆಣಿಸಿ ಎಲ್ಲರೆದುರಿಗೆ ಗದರಿಸಿದೆವು. ಅದು ನಮ್ಮ ತಪ್ಪು. ಹಾಸಿಗೆಯ ಕೆಳಗೆ ಗುಳಿಗೆಯ ಪಟ್ಟಿಯು ಸಿಕ್ಕಿ, ವೈದ್ಯರನ್ನು ಕರೆಸಿದ ಮೇಲೆಯೇ ವಿಷಯವು ನಮಗೆ ತಿಳಿದದ್ದು.

ಅವರು ವಿವರಿಸಿದ್ದು ಹೀಗೆ. ಔಷಧವು ಇಳಿದೊಡನೆ, ತಡೆದಿಟ್ಟಿದ್ದ ಆಯಾಸವೆಲ್ಲವೂ ಒಮ್ಮೆಗೇ ಬರುತ್ತದೆ. ಡೋಪಮೀನಿನ ವ್ಯವಸ್ಥೆಯೂ ಸೋತಿರುವುದರಿಂದ ಮನಸ್ಸು ಬತ್ತಿದಂತಾಗುತ್ತದೆ. ಮೊದಲ ಕೆಲವು ದಿನ ಅತಿನಿದ್ರೆ. ಬಳಿಕ ದೇಹವು ದಣಿದಿದ್ದರೂ ರಾತ್ರಿ ಕಣ್ಣು ಮುಚ್ಚದಿರುವುದುಂಟು. ಈ ಗುಳಿಗೆಗಳು ಕನಸು ಬೀಳುವ ನಿದ್ರೆಯನ್ನು ಅದುಮಿಡುವುವಾದ್ದರಿಂದ, ಬಿಟ್ಟ ಮೇಲೆ ಅದು ಹೆಚ್ಚಾಗಿ ಮರಳಿ ಬಂದು ಭಯಂಕರವಾದ ಕನಸುಗಳು ಕಾಣಿಸುತ್ತವೆ. ಮೊದಲ ವಾರವೇ ಕಠಿನವಾದದ್ದು. ಬಹುಕಾಲ ಸೇವಿಸಿದವರಿಗೆ ವಾರಗಳೇ ಹಿಡಿಯಬಹುದು. ಇದಕ್ಕೆ ಸಿದ್ಧೌಷಧವಿಲ್ಲ. ಊಟ, ನೀರು, ಮೊದಲ ದಿನಗಳಲ್ಲಿ ಬೇಕಾದಷ್ಟು ಮಲಗುವ ಅವಕಾಶ, ಅನಂತರ ದಿನವೂ ಒಂದೇ ವೇಳೆಗೆ ಏಳುವುದು, ಬೆಳಗಿನ ಬಿಸಿಲಿನಲ್ಲಿ ತಿರುಗಾಡುವುದು, ಇವೇ ಉಪಚಾರ. ಬಳಲಿಕೆಯನ್ನು ಕಾಫಿಯಿಂದಾಗಲಿ, ಎಚ್ಚರವನ್ನು ನಿದ್ರಾಗುಳಿಗೆಯಿಂದಾಗಲಿ ತಾವಾಗಿ ಸರಿಪಡಿಸಹೊರಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬದುಕು ಬೇಡವೆಂಬ ಮಾತು ಆ ದಿನಗಳಲ್ಲಿ ಹುಡುಗಿಯ ಬಾಯಿಂದ ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ತಂದೆತಾಯಿಗಳು ಈ ಮಾತನ್ನು ಎರಡು ಸಾರಿ ಓದಬೇಕೆಂದು ಬೇಡುತ್ತೇವೆ. ಏಕಾಗ್ರತೆಯ ತೊಂದರೆಗಾಗಿ ವೈದ್ಯರೇ ಇಂಥ ಔಷಧವನ್ನು ಕೊಟ್ಟಿರುವ ಮಕ್ಕಳೂ ಉಂಟು. ಅವರು ನಮ್ಮ ಲೇಖನವನ್ನೋದಿ ಹೆದರಿ ಅದನ್ನು ತಾವಾಗಿ ನಿಲ್ಲಿಸತಕ್ಕದ್ದಲ್ಲ.

ದಣಿದು ಅಡವಿಯ ಗಿಡದ ಕೆಳಗೆ ಸಾವನ್ನು ಬೇಡಿಕೊಂಡು ಮಲಗಿದ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಪುನಃ ಮಲಗಗೊಟ್ಟನು. ಈ ಭಾಗವನ್ನು ನಾವು ಎಷ್ಟೋ ಸಾರಿ ತರಗತಿಯಲ್ಲಿ ಕಲಿಸಿದ್ದೆವು. ಆ ಹುಡುಗಿಯ ಹಾಸಿಗೆಯ ಬಳಿ ಗಂಜಿಯ ಬಟ್ಟಲನ್ನು ಹಿಡಿದು ಕುಳಿತಾಗ ಅದು ನಮಗೆ ಬೇರೆ ರೀತಿಯಾಗಿ ಅರ್ಥವಾಯಿತು. ನಾವು ಗದರಿಸಿದ್ದಕ್ಕಾಗಿ ಕ್ಷಮೆ ಕೇಳಿದೆವು. ಹತ್ತನೆಯ ದಿನ ಅವಳು ತಾನಾಗಿ ಎದ್ದು ಬಂದು ಪ್ರಾರ್ಥನೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಳು.

ಈ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ರೆ ಬೇಕು. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವ ಕೆಲಸವೂ ಆ ಹೊತ್ತಿನಲ್ಲಿಯೇ ನಡೆಯುತ್ತದೆ. ಆದ್ದರಿಂದ ಈಗ ನಮ್ಮ ನಿಲಯದಲ್ಲಿ ಪರೀಕ್ಷೆಯ ತಿಂಗಳಲ್ಲಿಯೂ 9 ಗಂಟೆಗೆ ದೀಪವಾರಿಸುತ್ತೇವೆ. ಮಧ್ಯಾಹ್ನದ ಊಟವಾದ ಮೇಲೆ ಅಡಿಗೆಮನೆಯಿಂದ ಕಾಫಿಯು ಹೊರಗೆ ಬರುವುದಿಲ್ಲ. ಹುಡುಗಿಯರು ಇದಕ್ಕೆ ಒಗ್ಗಿಕೊಂಡಿದ್ದಾರೆ. ಉಪಾಧ್ಯಾಯಿನಿಯರಲ್ಲಿ ಕೆಲವರು ಇನ್ನೂ ಗೊಣಗುತ್ತಿರುವರು.