ಸೀಟು ಕೈಯಲ್ಲಿದ್ದೂ ಕಾಯೋದಾ?

ಗೇಟ್ ಸ್ಕೋರ್ ಬಂದ್ರೆ ಎಂ.ಟೆಕ್ ಸೀಟು ತಾನಾಗೇ ಬರುತ್ತೆ ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿದ್ದೇವೆ. ಇಲ್ಲ. ಪ್ರತಿ ಐಐಟಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಜೊತೆಗೆ ಕೋಪ್ ಪೋರ್ಟಲ್‌ನಲ್ಲಿ ನೋಂದಣಿ. ಹೆಸರಲ್ಲೇ ಕೋಪ ಇದೆ, ಇರಲಿ. ಅದು ಸೀಟು ಹಂಚಲ್ಲ, ಬಂದ ಆಫರ್ ತೋರಿಸುತ್ತೆ ಅಷ್ಟೇ.

ಆಫರ್ ಬಂದಮೇಲೆ ಮೂರು ದಾರಿ. ‘ಆಕ್ಸೆಪ್ಟ್ ಅಂಡ್ ಫ್ರೀಜ್’ ಒತ್ತಿದರೆ ಮುಗೀತು, ಮುಂದಿನ ಸುತ್ತುಗಳಲ್ಲಿ ನಿಮ್ಮ ಹೆಸರಿಲ್ಲ. ‘ರಿಜೆಕ್ಟ್ ಅಂಡ್ ವೇಟ್’ ಅಂದ್ರೆ ಆ ಸೀಟು ಹೋಯ್ತು. ‘ರಿಟೇನ್ ಅಂಡ್ ವೇಟ್’ ಅಂದ್ರೆ ಇದನ್ನ ಹಿಡಿದುಕೊಂಡೇ ಇನ್ನೂ ಒಳ್ಳೇದಕ್ಕೆ ಕಾಯೋದು.

ನಮ್ಮನ್ನ ಸತಾಯಿಸೋದು ಈ ಕೊನೆಯದೇ. ನಾವು ಹಿಡಿದಿಟ್ಟ ಸೀಟು ಬಿಡುವವರೆಗೆ ಕೆಳಗಿನವರಿಗೆ ಸಿಗಲ್ಲ. ನಾವು ಕಾಯುತ್ತಿರೋದೂ ಮೇಲಿನವರು ಯಾರಾದ್ರೂ ಬಿಡಲಿ ಅಂತಲೇ. ಅದಕ್ಕೇ ಸುತ್ತು ಕಳೆದಂತೆ ಕಟ್‌ಆಫ್ ಸಾಮಾನ್ಯವಾಗಿ ಇಳಿಯುತ್ತೆ. ಹಾಗಾಗಿ ಆಸೆಪಟ್ಟ ವಿಭಾಗದ ಹಿಂದಿನ ವರ್ಷದ ಕೊನೇ ಸುತ್ತಿನ ಕಟ್‌ಆಫ್ ನೋಡಿ. ನಿಮ್ಮ ಸ್ಕೋರ್ ಅದರ ಹತ್ತಿರವೂ ಇಲ್ವಾ? ಕಾಯೋದು ಬರೀ ಹಿಂಸೆ. ಫ್ರೀಜ್ ಮಾಡಿ ಊರಿಗೆ ಹೋಗಿ ನಿದ್ದೆ ಮಾಡಿ.

ಯಾವ ಆಫರೂ ಬರದೆ, ಕ್ಯಾಂಪಸ್ ಕೆಲಸದ ಜಾಯಿನಿಂಗ್ ಡೇಟ್ ಹತ್ತಿರ ಬಂದ್ರೆ? ಸ್ಕೋರಿಗೆ 3 ವರ್ಷ ಆಯಸ್ಸಿದೆ. ಕೆಲಸಕ್ಕೆ ಸೇರಿ, ಮುಂದಿನ ವರ್ಷ ಅದೇ ಸ್ಕೋರಲ್ಲಿ ಮತ್ತೆ ಅರ್ಜಿ ಹಾಕಬಹುದು. ಇದನ್ನ ಮನೆಯವರಿಗೆ ಈಗಲೇ ಹೇಳಿಡಿ.