ಕಿಟ್‌ನಲ್ಲಿ ಸೊನ್ನೆ, ಕಲ್ಲಿನ ಮೇಲೆ ಪಾಚಿ

ಪ್ರಶ್ನೆ: ನಾವು ಮಧುಗಿರಿಯವರು. ಪಿಯುಸಿ ಓದುವ ಮಗ ಹಟ ಹಿಡಿದು ಬೆಂಗಳೂರಿನಿಂದ ಉಪ್ಪುನೀರಿನ ಅಕ್ವೇರಿಯಂ ತರಿಸಿಕೊಂಡ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಗಾಜಿನ ತೊಟ್ಟಿ, ಒಂದಷ್ಟು ಕಲ್ಲು, ನೀಮೋ ಅಂತಾರಲ್ಲ, ಆ ಕಿತ್ತಳೆ ಬಣ್ಣದ ಮೀನು ಎರಡು. ಮೊದಲು ಮರಳಿನ ಮೇಲೆ ಕಂದು ಪುಡಿ ಕೂತಿತು. ಅದು ಹೋಯಿತು ಅನ್ನುವಷ್ಟರಲ್ಲಿ ಕಲ್ಲಿನ ಮೇಲೆಲ್ಲ ಹಸಿರು ಕೂದಲಿನಂಥ ಪಾಚಿ. ಈಗ ಮೂಲೆಯಲ್ಲಿ ಕೆಂಪು ಲೋಳೆ. ಎಷ್ಟು ಕಿತ್ತರೂ ವಾರದಲ್ಲಿ ಮತ್ತೆ ಬರುತ್ತೆ. ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ನೈಟ್ರೇಟ್ ಸೊನ್ನೆ! ಹೇಗೂ ಉಪ್ಪು ಬೆರೆಸಬೇಕಲ್ಲ ಅಂತ ಬೋರ್ ನೀರನ್ನೇ ಬಳಸುತ್ತಿದ್ದೇವೆ. ಅಂಗಡಿಯವರು ಪಾಚಿ ಸಾಯುವ ಔಷಧಿ ಕೊಟ್ಟಿದ್ದಾರೆ. ಪಕ್ಕದ ಮನೆಯವರು ಚಿಟಿಕೆ ಮೈಲುತುತ್ತ ಹಾಕಿ ಅಂತಾರೆ. ನಮ್ಮ ಯಜಮಾನರು ಎಲ್ಲ ಚೆಲ್ಲಿಬಿಡು ಅಂತ ದಿನಾ ಗೊಣಗುತ್ತಾರೆ, ಮಗ ಊಟ ಬಿಟ್ಟು ಕೂರುತ್ತಾನೆ. ಬಯಲುಸೀಮೆಯವರು ಸಮುದ್ರ ಸಾಕಲು ಹೋಗಬಾರದಿತ್ತಾ ಮೇಡಂ?
— ಹೆಸರು ಬೇಡ, ಮಧುಗಿರಿ

ಉತ್ತರ: ಮೊದಲು ಮೈಲುತುತ್ತದ ಮಾತು ಮುಗಿಸೋಣ. ದಯವಿಟ್ಟು ಹಾಕಬೇಡಿ. ಕೊರಟಗೆರೆ ಕಡೆಯ ಅಡಿಕೆ ತೋಟಗಳಲ್ಲಿ ಸುಣ್ಣದ ಜೊತೆ ಬೆರೆಸಿ ಕೊಳೆರೋಗಕ್ಕೆ ಹೊಡೆಯುವುದು ಇದನ್ನೇ. ಅಲ್ಲಿ ಅದು ಒಳ್ಳೆಯ ಮದ್ದು. ತೊಟ್ಟಿಯೊಳಗೆ ಅದರ ತಾಮ್ರ ಬಸವನಹುಳು, ಸಿಗಡಿ, ಏಡಿ ಯಾವುದನ್ನೂ ಉಳಿಸುವುದಿಲ್ಲ. ಕಲ್ಲು ಮತ್ತು ಮರಳು ಆ ತಾಮ್ರವನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಬಿಡುತ್ತವೆ. ಅಂಗಡಿಯ ಬಾಟಲಿಯನ್ನೂ ಸದ್ಯ ಪಕ್ಕಕ್ಕಿಡಿ. ಅಷ್ಟೂ ಪಾಚಿ ಒಟ್ಟಿಗೆ ಸತ್ತರೆ ಅದು ಕೊಳೆಯುವುದು ಅದೇ ನೀರಿನಲ್ಲಿ. ಕೊಳೆಯುವಾಗ ಆಮ್ಲಜನಕ ಕಡಿಮೆಯಾಗಿ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತದೆ. ಪಾಚಿ ತಿಂದಿದ್ದೆಲ್ಲ ಮತ್ತೆ ನೀರಿಗೇ ಸೇರಿ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ.

ಇನ್ನು ನಿಮ್ಮನ್ನು ಗೊಂದಲಕ್ಕೆ ಹಾಕಿರುವ ಸೊನ್ನೆ. ಕಿಟ್ ಸುಳ್ಳು ಹೇಳುತ್ತಿಲ್ಲ. ನೀರಿನಲ್ಲಿ ಕರಗಿರುವ ನೈಟ್ರೇಟನ್ನು ಮಾತ್ರ ಅದು ಅಳೆಯುತ್ತದೆ, ಪಾಚಿ ನುಂಗಿ ಕೂತಿರುವುದು ಅದರ ಲೆಕ್ಕಕ್ಕೆ ಬರುವುದಿಲ್ಲ. ತೊಟ್ಟಿಗೆ ಬಂದ ನೈಟ್ರೇಟ್ ಮತ್ತು ಫಾಸ್ಫೇಟನ್ನು ಹಸಿರು ಕೂದಲು ಬಂದ ಹಾಗೇ ತಿಂದು ಮುಗಿಸುತ್ತಿದೆ. ಹಾಗಾಗಿ ಎಷ್ಟಿದೆ ಎಂದು ನೋಡುತ್ತಾ ಕೂರುವುದಕ್ಕಿಂತ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ನಿಮ್ಮ ಪತ್ರದಲ್ಲಿ ಅದಕ್ಕೆ ಉತ್ತರ ಇದೆ: ಬೋರ್ ನೀರು.

ಮಧುಗಿರಿಯ ಏಕಶಿಲಾ ಬೆಟ್ಟ ಕಣ್ಣೆದುರಿಗೇ ಇದೆಯಲ್ಲ, ನಮ್ಮ ಸೀಮೆಯ ನೆಲದಡಿಯಲ್ಲಿ ಇರುವುದು ಹೆಚ್ಚಾಗಿ ಅಂಥ ಗಟ್ಟಿ ಶಿಲೆಯೇ. ಆ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನಿಂದ ಸಿಲಿಕಾ ಕರಗಿಸಿಕೊಂಡು ಮೇಲೆ ಬರುತ್ತದೆ. ಮರಳಿನ ಮೇಲೆ ಮೊದಲು ಕೂತ ಕಂದು ಪುಡಿ ಡಯಾಟಮ್ ಎಂಬ ಸೂಕ್ಷ್ಮಜೀವಿ. ಅದು ತನ್ನ ಚಿಪ್ಪು ಕಟ್ಟಿಕೊಳ್ಳುವುದು ಸಿಲಿಕಾದಿಂದಲೇ. ಹೊಲದ ಗೊಬ್ಬರ, ಕೊಟ್ಟಿಗೆಯ ಗಂಜಲ, ಶೌಚಾಲಯದ ಗುಂಡಿ ಇವುಗಳಿಂದ ಇಳಿಯುವ ನೈಟ್ರೇಟ್ ಬೇರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ತನಕ ನೈಟ್ರೇಟ್ ಇರಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ಹವಳದ ದಿಬ್ಬಗಳ ಸುತ್ತಲಿನ ಕಡಲಿನಲ್ಲಿ ಅದು ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಮನುಷ್ಯರಿಗೆ ಯಾವ ತೊಂದರೆಯೂ ಇಲ್ಲದ ನೀರು ಪಾಚಿಗೆ ಮದುವೆ ಊಟ.

ಆವಿಯಾದಷ್ಟು ನೀರನ್ನು ದಿನಾ ತುಂಬಿಸುತ್ತೀರಲ್ಲ, ಪೆಟ್ಟು ಬೀಳುವುದು ಅಲ್ಲಿ. ಆವಿಯಾಗುವುದು ಬರೀ ನೀರು. ಅದರಲ್ಲಿದ್ದದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ನಿಮ್ಮ ಬೋರ್ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇದೆ ಎಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ದಿನಕ್ಕೆ ಎರಡು ಲೀಟರ್ ತುಂಬಿಸಿದರೆ 80 ಮಿಲಿಗ್ರಾಂ, ತಿಂಗಳಿಗೆ 2,400. ಕಲ್ಲು, ಮರಳು ಕಳೆದು ನಿಮ್ಮ ತೊಟ್ಟಿಯಲ್ಲಿ ಸುಮಾರು 150 ಲೀಟರ್ ನೀರಿರಬಹುದು. ಅಂದರೆ ಮೀನಿಗೆ ಒಂದು ಕಾಳು ಹಾಕದಿದ್ದರೂ ತಿಂಗಳಿಗೆ ಲೀಟರಿಗೆ 16 ಮಿಲಿಗ್ರಾಂ ಏರುತ್ತಿತ್ತು. ಅದನ್ನೆಲ್ಲ ಪಾಚಿ ತಿನ್ನುತ್ತಿರುವುದರಿಂದಲೇ ನಿಮಗೆ ಸೊನ್ನೆ ಕಾಣುತ್ತಿದೆ.

ಪಾವಗಡ, ಶಿರಾ ಕಡೆಯವರು ಇದನ್ನು ಓದಿದರೆ ಬೋರ್ ನೀರಿನ ಫ್ಲೋರೈಡ್ ಕಾರಣ ಅಂದುಕೊಳ್ಳಬಹುದು. ಅಲ್ಲ. ಸಮುದ್ರದ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ, ಪಾಚಿಗೆ ಅದು ಆಹಾರವೂ ಅಲ್ಲ. ಆದರೆ ಆ ಫ್ಲೋರೈಡಿನ ಸಂಕಟಕ್ಕಾಗಿಯೇ ನಮ್ಮ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿ ಕ್ಯಾನ್ ಹಿಡಿಯುತ್ತೇವಲ್ಲ, ಆ ಫಿಲ್ಟರ್ ನೀರೇ ನಿಮ್ಮ ತೊಟ್ಟಿಗೂ ಬೇಕಾದದ್ದು. ತರುವ ಮೊದಲು ನೀರಿನಲ್ಲಿ ಕರಗಿರುವ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್ ಕೊಂಡುಕೊಳ್ಳಿ, ಪೆನ್ನಿನಷ್ಟು ಉದ್ದದ್ದು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರುಚಿಗೆಂದು ಫಿಲ್ಟರ್ ನೀರಿಗೆ ಸ್ವಲ್ಪ ಹಸಿ ನೀರು ಬೆರೆಸುವುದುಂಟು. ಮನೆಯ ಆರ್‌ಒ ಯಂತ್ರದಲ್ಲೂ ಅದಕ್ಕೊಂದು ತಿರುಪು ಇರುತ್ತದೆ. ಮೀಟರಿನಲ್ಲಿ 50ರ ಒಳಗೆ ಬಂದರೆ ಸದ್ಯಕ್ಕೆ ಸಾಕು. ನೂರು ದಾಟಿದರೆ ಬೇರೆ ಘಟಕ ನೋಡಿ, ಇಲ್ಲವೇ ಡಿಐ ರೆಸಿನ್ ತುಂಬಿದ ಸಣ್ಣ ಕಾರ್ಟ್ರಿಡ್ಜ್ ಹಾಕಿಸಿ. ಆರ್‌ಒ ಮೆಂಬ್ರೇನ್ ಹಳೆಯದಾದಂತೆ ನೈಟ್ರೇಟ್ ನುಸುಳುತ್ತದೆ, ಅದನ್ನು ಈ ರೆಸಿನ್ ಹಿಡಿಯುತ್ತದೆ.

ಬರದ ಸೀಮೆಯಲ್ಲಿ ಕುಡಿಯುವ ನೀರನ್ನು ಮೀನಿಗೆ ಸುರಿಯುವುದೇ ಎಂಬ ಸಂಕೋಚ ನಿಮಗೆ ಬಂದೀತು. ಬರಬೇಕಾದದ್ದೇ. ವಾರಕ್ಕೆ 15 ಲೀಟರ್ ತೊಟ್ಟಿಯ ನೀರಿನ ಬದಲಾವಣೆಗೆ, ಇನ್ನೊಂದು 14 ಲೀಟರ್ ಆವಿಯಾದದ್ದನ್ನು ತುಂಬಲು, ಒಟ್ಟು 20 ಲೀಟರಿನ ಒಂದೂವರೆ ಕ್ಯಾನ್. ಘಟಕದ ಮುಂದೆ ಕೊಡಗಳ ಸಾಲು ನಿಲ್ಲುವ ದಿನಗಳಲ್ಲಿ ಬದಲಾವಣೆಯನ್ನು ಒಂದೆರಡು ವಾರ ಮುಂದಕ್ಕೆ ಹಾಕಿ. ಎರಡೇ ಮೀನಿರುವ ತೊಟ್ಟಿ ತಡೆದುಕೊಳ್ಳುತ್ತದೆ. ಆದರೆ ಆವಿಯಾದದ್ದನ್ನು ತುಂಬುವ ನೀರು ಮಾತ್ರ ಇವತ್ತಿನಿಂದಲೇ ಫಿಲ್ಟರಿನದಾಗಲಿ, ಅದಕ್ಕೆ ಉಪ್ಪು ಬೆರೆಸಬೇಡಿ.

ಈಗ ಇರುವ ಪಾಚಿಯನ್ನು ಕೈಯಿಂದಲೇ ತೆಗೆಯಬೇಕು. ಹಿಂದಿನ ದಿನವೇ ಹೊಸ ಉಪ್ಪುನೀರು ಬೆರೆಸಿಡಿ. ಅಡುಗೆ ಉಪ್ಪಲ್ಲ, ಅಕ್ವೇರಿಯಂ ಉಪ್ಪು, ಸಾಂದ್ರತೆ 1.025. ಮಾರನೆಯ ದಿನ ತೊಟ್ಟಿಯಿಂದ 15 ಲೀಟರನ್ನು ಪೈಪಿನಲ್ಲಿ ಬಕೆಟ್ಟಿಗೆ ಎಳೆಯಿರಿ. ಎತ್ತಲು ಬರುವ ಕಲ್ಲುಗಳನ್ನು ಒಂದೊಂದಾಗಿ ಆ ಬಕೆಟ್ಟಿನಲ್ಲಿ ಇಳಿಸಿ. ಕೂದಲಿನ ಬುಡ ಕಲ್ಲಿನ ಗುಳಿಗಳೊಳಗೆ ಇರುತ್ತದೆ, ಮೇಲಿನ ಜೊಂಪೆ ಹಿಡಿದೆಳೆದರೆ ತುದಿ ಮಾತ್ರ ಕಿತ್ತು ಬರುತ್ತದೆ. ಹೆಬ್ಬೆರಳು ತೋರುಬೆರಳಲ್ಲಿ ಬುಡಕ್ಕೆ ಹತ್ತಿರ ಹಿಡಿದು, ಸ್ವಲ್ಪ ತಿರುಚಿ, ನಿಧಾನವಾಗಿ ಎಳೆಯಿರಿ. ಉಳಿದದ್ದನ್ನು ಹೊಸ ಟೂತ್‌ಬ್ರಷ್‌ನಿಂದ ಉಜ್ಜಿ. ನಲ್ಲಿಯ ಕೆಳಗೆ ತೊಳೆಯಬೇಡಿ. ಮೀನಿನ ಕಸವನ್ನು ಅರಗಿಸುವ ಬ್ಯಾಕ್ಟೀರಿಯಾ ಆ ಕಲ್ಲಿನಲ್ಲೇ ಮನೆ ಮಾಡಿವೆ, ಸಿಹಿನೀರು ತಗುಲಿದರೆ ಸಾಯುತ್ತವೆ. ತೊಟ್ಟಿಯೊಳಗೇ ಉಜ್ಜಿದರೆ ಚೂರುಗಳು ಹರಡಿ ಹೊಸ ಜಾಗದಲ್ಲಿ ಕೂರುತ್ತವೆ. ವಾರಕ್ಕೊಮ್ಮೆ ಹೀಗೆ ಮಾಡಿದರೆ ಎರಡು ತಿಂಗಳ ಹೊತ್ತಿಗೆ ಪಾಚಿಯ ಜೋರು ಇಳಿಯುವುದು ಕಾಣುತ್ತದೆ. ಅದಕ್ಕಿಂತ ಬೇಗ ಆಗುತ್ತದೆ ಎಂದು ನಿರೀಕ್ಷಿಸಬೇಡಿ.

ಕೆಂಪು ಲೋಳೆ ಪಾಚಿಯ ಜಾತಿಯದ್ದಲ್ಲ, ಸಯನೋಬ್ಯಾಕ್ಟೀರಿಯಾ. ನೀರು ಓಡದ ಮೂಲೆಯಲ್ಲಿ ಹಾಸಿಕೊಳ್ಳುತ್ತದೆ. ಪೈಪಿನಿಂದ ಎಳೆದು ತೆಗೆದು, ಪಂಪಿನ ಮುಖವನ್ನು ಆ ಮೂಲೆಗೆ ತಿರುಗಿಸಿ. ಹೋಗದಿದ್ದರೆ ಮೂರು ದಿನ ದೀಪ ಆರಿಸಿ, ತೊಟ್ಟಿಗೆ ಬೆಡ್‌ಶೀಟ್ ಹೊದಿಸಿ, ಆದರೆ ಗಾಳಿಯ ಪಂಪ್ ನಿಲ್ಲಬಾರದು. ಕರೆಂಟ್ ಹೋಗುವ ಊರಾದ್ದರಿಂದ ಬ್ಯಾಟರಿಯ ಏರ್ ಪಂಪ್ ಒಂದಿರಲಿ. ಆ್ಯಂಟಿಬಯೋಟಿಕ್ ಮಾತ್ರೆ ಕರಗಿಸಿ ಹಾಕುವವರಿದ್ದಾರೆ. ಆ ಕೆಲಸ ನೀವು ಮಾಡಬೇಡಿ.

ತೊಟ್ಟಿ ಕಿಟಕಿಯ ಪಕ್ಕ ಇದ್ದರೆ ಬಿಸಿಲು ಬೀಳದ ಗೋಡೆಗೆ ಸರಿಸಿ. ದೀಪ ದಿನಕ್ಕೆ ಎಂಟು ಗಂಟೆ ಸಾಕು. ಮೀನಿಗೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಪ್ರೀತಿಯಿಂದ ಹಾಕುವ ಎರಡನೇ ಚಿಟಿಕೆ ಹೋಗುವುದು ಪಾಚಿಯ ಹೊಟ್ಟೆಗೆ. ನೀರಿನ ಮೂಲ ಸರಿಯಾದ ಮೇಲೆ ಪಾಚಿ ಮೇಯುವ ಬಸವನಹುಳು ಕೆಲವನ್ನು ಬಿಡಬಹುದು. ಸಮುದ್ರದಿಂದ ಕಿತ್ತು ತಂದ ಹವಳವನ್ನಾಗಲಿ ಹವಳದ ಕಲ್ಲನ್ನಾಗಲಿ ಯಾರು ಕೊಡುತ್ತೇನೆಂದರೂ ಕೊಳ್ಳಬೇಡಿ. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಮಗನಿಗೆ ಈ ಮಾತು ಈಗಲೇ ಹೇಳಿಡಿ.

ಸಮುದ್ರ ಸಾಕಬಾರದಿತ್ತಾ ಎಂದು ಕೇಳಿದ್ದೀರಿ. ತಪ್ಪೇನೂ ಆಗಿಲ್ಲ ತಾಯಿ. ಪಿಯುಸಿ ಹುಡುಗನೊಬ್ಬ ರಸಾಯನಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ದಿನಾ ಕಣ್ಣಾರೆ ನೋಡುತ್ತಿದ್ದಾನೆ, ಅದು ಸಣ್ಣ ಮಾತಲ್ಲ. ಆದರೆ ಕ್ಯಾನ್ ಹೊರುವುದು, ಬ್ರಷ್ ಉಜ್ಜುವುದು ಅವನ ಪಾಲಿನ ಕೆಲಸವಾಗಲಿ, ನಿಮ್ಮದಲ್ಲ. ಟಿಡಿಎಸ್, ಸಾಂದ್ರತೆ, ಎಷ್ಟು ನೀರು ಹಾಕಿದೆವು ಎಂಬುದನ್ನು ಅವನೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಯಜಮಾನರ ಹತ್ತಿರ ಎರಡು ತಿಂಗಳ ಗಡುವು ಕೇಳಿ, ಅಲ್ಲಿಯ ತನಕ ಚೆಲ್ಲುವ ಮಾತು ಎತ್ತಬೇಡಿ ಅನ್ನಿ. ಆಗಲೂ ಬೇಡವೆನಿಸಿದರೆ ಮೀನನ್ನು ಕೊಂಡ ಅಂಗಡಿಗೋ ಸಾಕುವ ಇನ್ನೊಬ್ಬರಿಗೋ ಕೊಡಿ. ಕೆರೆಗೆ ಬಿಟ್ಟರೆ ಸಿಹಿನೀರಿನಲ್ಲಿ ಅವು ಬದುಕುವುದಿಲ್ಲ.

ಪ್ರತಿ ವಾರ ತೆಗೆಯುವ ಉಪ್ಪುನೀರನ್ನು ತೆಂಗಿನ ಬುಡಕ್ಕಾಗಲಿ, ಹಿತ್ತಲಿನ ಬಾವಿಯ ಹತ್ತಿರವಾಗಲಿ ಚೆಲ್ಲಬೇಡಿ. 15 ಲೀಟರಿನಲ್ಲಿ ಅರ್ಧ ಕೆ.ಜಿ.ಗೂ ಹೆಚ್ಚು ಉಪ್ಪಿರುತ್ತದೆ, ಮಳೆ ಕಡಿಮೆಯಿರುವ ನಮ್ಮ ಮಣ್ಣಿನಿಂದ ಅದು ತೊಳೆದು ಹೋಗುವುದಿಲ್ಲ. ಬಚ್ಚಲಿನ ಮೋರಿ ಒಳಚರಂಡಿಗೆ ಸೇರಿದ್ದರೆ ಅಲ್ಲಿಗೇ ಸುರಿದು, ಮೇಲೊಂದು ಬಕೆಟ್ ಬೋರ್ ನೀರು ಹಾಕಿ.