ಸಭೆಯ ಲೆಕ್ಕ ಸಭೆಯ ಮುಂದಿರಲಿ

ಪ್ರೀತಿಯ ಮಗಳೇ,

ಬೆಂಗಳೂರಿನ ನಮ್ಮ ತಣಿಸಂದ್ರದ ಕ್ರೈಸ್ತ ಸಭೆಗೆ ನಿನ್ನನ್ನು ಖಜಾಂಚಿಯಾಗಿ ಆರಿಸಿದ್ದಾರೆಂದು ತಿಳಿದು ಸಂತೋಷವಾಯಿತು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೋಟಿಗಟ್ಟಲೆ ಲೆಕ್ಕ ನೋಡುವವಳಿಗೆ ಇದೇನು ಮಹಾ ಎಂದು ಯಾರಾದರೂ ಅಂದಾರು. ಆದರೂ ಕೆಲವು ಮಾತು ಹೇಳಬೇಕೆನಿಸಿತು. ನಿನ್ನ ವಾರಿಗೆಯ ಬೇರೆಯವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಭಾನುವಾರ ಆರಾಧನೆ ಮುಗಿದು ಕಾಣಿಕೆ ಚೀಲವನ್ನು ಮೇಜಿನ ಮೇಲೆ ಸುರಿದಾಗ ಒಂದು ಗಳಿಗೆ ನಿಂತು ನೋಡು. ಗರಿಗರಿ ಐನೂರರ ನೋಟಿನ ಪಕ್ಕದಲ್ಲೇ ನಾಲ್ಕು ಮಡಿಕೆಯ, ಬೆವರಿಗೆ ಮೆತ್ತಗಾದ ಹತ್ತರ ನೋಟು ಬಿದ್ದಿರುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆದು ಬರುವ ನಮ್ಮ ಅಕ್ಕಂದಿರು ಸೆರಗಿನ ಗಂಟು ಬಿಚ್ಚಿ ಹಾಕಿದ್ದು ಅದು. ಬೈಬಲಿನಲ್ಲಿ ದೇವಾಲಯಕ್ಕೆ ಎರಡು ಕಾಸು ಹಾಕಿದ ಬಡ ವಿಧವೆಯ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇವೆ. ಆ ಎರಡು ಕಾಸು ಆಮೇಲೆ ಏನಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೆ ಉತ್ತರ ಕೊಡುವುದೇ ಇನ್ನು ಮೇಲೆ ನಿನ್ನ ಸೇವೆ.

ಯೆರೂಸಲೇಮಿನ ಬಡವರಿಗೆ ಸಹಾಯ ಕೂಡಿಸಿದಾಗ ಪೌಲನು ಆ ಹಣಕ್ಕೆ ತಾನೊಬ್ಬನೇ ಹೊಣೆಯಾಗಲು ಒಪ್ಪಲಿಲ್ಲ. ಯಾರೂ ತಪ್ಪು ಹೊರಿಸುವಂತಾಗಬಾರದೆಂದು, ತನ್ನ ಜೊತೆಗಾರ ತೀತನ ಸಂಗಡ ಸಭೆಗಳೇ ಆರಿಸಿದ ಸಹೋದರನನ್ನೂ ಕಳುಹಿಸಿದ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯ ಓದಿ ನೋಡು. ಅಪೊಸ್ತಲನಿಗೇ ಸಾಕ್ಷಿ ಬೇಕಾಗಿತ್ತು ಅಂದಮೇಲೆ ನಮ್ಮ ಪಾಡೇನು?

ಆದ್ದರಿಂದ ಎಣಿಸುವಾಗ ಇಬ್ಬರಿರಲಿ, ಒಂದೇ ಮನೆಯವರು ಬೇಡ. ಮೊತ್ತ ಬರೆದು ಅಲ್ಲೇ ಇಬ್ಬರೂ ಸಹಿ ಹಾಕಿ. ಸೋಮವಾರವೇ ಬ್ಯಾಂಕಿಗೆ ಕಟ್ಟಿಬಿಡು. ಎಷ್ಟೇ ಬೇಕಾದವರು ಕೇಳಲಿ, ಕಾಣಿಕೆಯಿಂದ ಕೈಸಾಲ ಕೊಡಬೇಡ. ಗೋಡೆಗೆ ಅಂಟಿಸುವ ಕ್ಯೂಆರ್ ಕೋಡ್ ಸಭೆಯ ಖಾತೆಯದ್ದೇ ಆಗಿರಲಿ, ಯಾರ ಸ್ವಂತ ನಂಬರೂ ಬೇಡ. ಅಮೆರಿಕದ ಪೌರತ್ವ ಪಡೆದವರು ಊರಿನ ಸಭೆಯ ಮೇಲಿನ ಪ್ರೀತಿಗೆ ಹಣ ಕಳುಹಿಸುತ್ತೇನೆಂದರೆ ತಡೆ. 2010ರ ಎಫ್‌ಸಿಆರ್‌ಎ ಕಾಯ್ದೆಯ ಪ್ರಕಾರ ಅದು ವಿದೇಶಿ ದೇಣಿಗೆ; ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಮುಟ್ಟುವಂತಿಲ್ಲ. ಅಲ್ಲಿ ದುಡಿಯುತ್ತಿದ್ದರೂ ಭಾರತದ ಪೌರರಾಗಿಯೇ ಉಳಿದವರು ತಮ್ಮ ಉಳಿತಾಯದಿಂದ ಕೊಡುವುದಕ್ಕೆ ಈ ತೊಡಕಿಲ್ಲ.

ಹೊರಗಿನ ಹಣವನ್ನೇ ನೆಚ್ಚಿಕೊಳ್ಳಬೇಡ ಎನ್ನುವುದಕ್ಕೆ ನಮ್ಮ ನಾಡಿನಲ್ಲೇ ಪಾಠವಿದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಶಾಲೆ, ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆ ಎಲ್ಲವನ್ನೂ ಕಟ್ಟಿದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಮಿಷನ್ನಿನ ನೆರಳಿನಲ್ಲಿದ್ದ ಸಭೆಗಳು ತಮ್ಮ ಕಾಲ ಮೇಲೆ ತಾವೇ ನಿಲ್ಲಬೇಕಾಯಿತು. ಇದಕ್ಕೆ ಎದುರಾಗಿ ಮಿಜೋರಾಮನ್ನು ನೋಡು. ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ಸಭೆಗೆಂದು ಬೇರೆ ಇಡುವ ಪದ್ಧತಿಯನ್ನು ಅಲ್ಲಿನ ಹೆಂಗಸರು 1910ರಲ್ಲಿ ಶುರುಮಾಡಿದರು. ಬಡ ಮನೆಗಳ ಆ ಹಿಡಿ ಅಕ್ಕಿಯಿಂದಲೇ ಸುವಾರ್ತೆಯ ಕೆಲಸ ನಡೆದು ಬಂದಿದೆ. ಕೊತ್ತನೂರಿನ ಕಡೆ ಓದಲು ಬಂದಿರುವ ಮಿಜೋ ಮಕ್ಕಳು ಸಿಕ್ಕರೆ ಕೇಳು, ಅವರೇ ಹೇಳುತ್ತಾರೆ.

ಹಾಗಾಗಿ ದೊಡ್ಡ ದಾನಿಗಳ ಹಿಂದೆ ಓಡಬೇಡ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಸೋರೆಕಾಯಿಗೆ ಸಾವಿರ ಕೂಗುವ ಗಮ್ಮತ್ತು ಇರಲಿ, ಅದು ಹಬ್ಬದ ನಗು. ಆದರೆ ದಶಮಾಂಶ ಯಾರದ್ದು ಎಷ್ಟು ಎಂದು ಹೆಸರು ಹಿಡಿದು ಓದುವುದು ಬೇಡ. ಕಡಿಮೆ ಕೊಟ್ಟವರು ಮುಂದಿನ ವಾರ ಹಿಂದಿನ ಬೆಂಚಿಗೆ ಸರಿಯುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ.

ಹಣದ ಪುಸ್ತಕಕ್ಕೆ ಬಾರದ ಆಸ್ತಿಯೂ ನಿನ್ನ ಕಣ್ಣಿಗೆ ಬೀಳಲಿ. ಪ್ರತಿ ಪ್ರೀತಿಭೋಜನಕ್ಕೂ ಅದೇ ನಾಲ್ವರು ಹೆಂಗಸರು ಒಲೆಯ ಮುಂದೆ ನಿಂತಿದ್ದರೆ ಅವರ ದಣಿವನ್ನೂ ಖರ್ಚು ಎಂದೇ ತಿಳಿ. ಗಂಡಸರಿಗೂ ಸೌಟು ಕೊಡಿಸು. ನೀರೂ ಅಂಥದ್ದೇ ಆಸ್ತಿ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಸಾರಿದ್ದು ನೆನಪಿದೆಯಲ್ಲ? ದೇವಾಲಯದ ತಾರಸಿಯ ಮಳೆನೀರು ಚರಂಡಿಗೆ ಹರಿಯುತ್ತಿದ್ದರೆ ಅದೂ ಪೋಲಾದ ಕಾಣಿಕೆಯೇ. ಪೈಪು ಹಾಕಿಸಿ ಸಂಪಿಗೆ ತಿರುಗಿಸು.

ಕಡೆಯದಾಗಿ, ತಿಂಗಳಿಗೊಮ್ಮೆ ಜಮಾಖರ್ಚನ್ನು ಕನ್ನಡದಲ್ಲಿ, ಅಜ್ಜಿಯರ ಕಣ್ಣಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಬಳಿ ಹಾಕು. ಯಾರಾದರೂ ಪ್ರಶ್ನೆ ಕೇಳಿದರೆ ಮುಖ ಗಂಟಿಕ್ಕಬೇಡ. ಕೇಳುವವರಿಗೆ ಸಭೆ ತಮ್ಮದು ಎನ್ನಿಸಿದೆ ಎಂದೇ ಅರ್ಥ. ಇವತ್ತಿನಿಂದಲೇ ಒಬ್ಬ ಕಿರಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಕಲಿಸು. ಅವಧಿ ಮುಗಿದ ದಿನ ಪುಸ್ತಕ, ಬೀಗದ ಕೈ ಎರಡನ್ನೂ ಅವನಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಎದ್ದು ಬರುವಂತಿದ್ದರೆ ನೀನು ನಂಬಿಗಸ್ತಳಾದ ಮನೆವಾರ್ತೆಯವಳು.

ಇಂತಿ ನಿನ್ನ ಹಿತೈಷಿ,
ಸಭೆಯ ಹಿರಿಯ